ಅವಾರ್ಡು ತಗೊಂಡು ಬರ್ತಾಳೆ

ಇತ್ತೀಚೆಗೆ ನನಗೊಂದು ಚಟ ಹತ್ತಿಕೊಂಡಿದೆ. ಯಾವ ಸಮಾರಂಭಕ್ಕೆ ಹೋದರೂ ಹಾರ ಹಾಕಿಸಿಕೊಳ್ಳುವವರನ್ನು ಬಿಟ್ಟು, ಹಾರದ ತಟ್ಟೆ ಹಿಡಿದು ನಿಂತವರ ಮುಖ ನೋಡುತ್ತೇನೆ. ಮೊನ್ನೆ ನಮ್ಮ ಬ್ಯಾಂಕಿನಲ್ಲಿ ನಿವೃತ್ತರಾಗುವ ಸಾಹೇಬರಿಗೆ ಶಾಲು ಹೊದಿಸುವಾಗ ಎಲ್ಲರೂ ಸಾಹೇಬರ ಕಡೆಗೆ ಮೊಬೈಲು ಎತ್ತಿ ಹಿಡಿದಿದ್ದರು. ನಾನೊಬ್ಬ, ಶಾಲಿನ ಟ್ರೇ ಹಿಡಿದಿದ್ದ ಹೊಸ ಕ್ಲರ್ಕ್ ಹುಡುಗಿಯ ಕಡೆಗೆ ಕತ್ತು ಉದ್ದ ಮಾಡಿಕೊಂಡು ಕೂತಿದ್ದೆ. ಪಕ್ಕದವರು ನನ್ನನ್ನು ಒಂದು ಥರ ನೋಡಿದರು. ಐವತ್ತು ದಾಟಿದ ಗಂಡಸು ಹೀಗೆ ನೋಡುತ್ತಾ ಕೂತರೆ ಯಾರಿಗಾದರೂ ಅನುಮಾನ ಬರುವಂಥದ್ದೇ. ಅವರಿಗೆ ವಿವರಿಸಿ ಹೇಳುವಷ್ಟು ತೆಲುಗು ನನ್ನಲ್ಲಿರಲಿಲ್ಲ. ನಿಮಗಾದರೂ ಹೇಳಿಬಿಡುತ್ತೇನೆ.

ನಾನು ತಿಪಟೂರಿನವನು. ಆರು ವರ್ಷದ ಹಿಂದೆ ಬ್ಯಾಂಕಿನವರು ವರ್ಗ ಮಾಡಿ ವಿಜಯವಾಡಕ್ಕೆ ಹಾಕಿದರು. ಮೂರು ವರ್ಷ ಅಲ್ಲಿ ಬೆಂದ ಮೇಲೆ ವಿಶಾಖಪಟ್ಟಣದ ಗಾಜುವಾಕಕ್ಕೆ ಹಾಕಿದರು. ನಾನು, ಹೆಂಡತಿ ಶೈಲಜಾ ಇಲ್ಲಿಗೆ ಬಂದೆವು. ಮಗಳು ಮೇಧಾ ಓದು ಅರ್ಧಕ್ಕೆ ಬಿಡುವಂತಿಲ್ಲ ಎಂದು ವಿಜಯವಾಡದಲ್ಲೇ ಕಾಲೇಜು ಹಾಸ್ಟೆಲಿನಲ್ಲಿ ಉಳಿದಳು. ಈಗವಳು ತೆಲುಗಿನಲ್ಲೇ ಜಗಳ ಆಡುತ್ತಾಳೆ, ತೆಲುಗಿನಲ್ಲೇ ಕನಸು ಕಾಣುತ್ತಾಳೆ. ಶೈಲಜಾಳ ತೆಲುಗು ತರಕಾರಿ ಗಾಡಿಯಿಂದ ಮುಂದಕ್ಕೆ ಹೋಗಿಲ್ಲ. ನನ್ನದಂತೂ ಕೇಳಲೇಬೇಡಿ.

ವಿಜಯವಾಡದ ಮೊದಲ ಬೇಸಿಗೆಯಲ್ಲಿ ಮನೆ ಮಾಲೀಕರು ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿ, ಬಹಳ ಕಾಳಜಿಯಿಂದ, ‘ಎಂಡಲೋ ತಿರಗಕಂಡಿ ಸಾರ್’ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಕಡೆ ಎಂಡ ಅಂದರೆ ಹೆಂಡವೇ. ಬಂದು ಹದಿನೈದು ದಿನ ಆಗಿಲ್ಲ, ಆಗಲೇ ನನ್ನನ್ನು ಹೆಂಡ ಕುಡಿದು ತಿರುಗುವವನು ಅಂದುಕೊಂಡರೇ! ‘ನಾನು ಮುಟ್ಟೋದೇ ಇಲ್ಲ, ನಮ್ಮ ವಂಶದಲ್ಲೇ ಇಲ್ಲ’ ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಕೂಗಾಡಿ ಬಂದೆ. ಎಂಡ ಅಂದರೆ ಬಿಸಿಲು, ಬಿಸಿಲಲ್ಲಿ ತಿರುಗಬೇಡಿ ಅಂದದ್ದು ಎಂದು ಸಂಜೆ ಮೇಧಾ ಹೇಳಿದಳು. ಹೋಟೆಲಿನಲ್ಲೂ ಇದೇ ಪಾಡು. ಸಾಂಬಾರು ಬಡಿಸುವವನು ಒಂದು ಸೌಟು ಹಾಕಿ ‘ಚಾಲಾ?’ ಎಂದು ಕೇಳುತ್ತಿದ್ದ. ಚಾಲೂ ಮಾಡಲಾ ಅಂತ ಕೇಳುತ್ತಿದ್ದಾನೆ ಅಂದುಕೊಂಡು ನಾನು ಖುಷಿಯಿಂದ ತಲೆಯಾಡಿಸುತ್ತಿದ್ದೆ. ಅವನು ಹೋಗಿಬಿಡುತ್ತಿದ್ದ. ಸಾಕಾ ಅಂತ ಕೇಳುತ್ತಿದ್ದನಂತೆ. ಎರಡು ತಿಂಗಳು ಒಣ ಇಡ್ಲಿ ತಿಂದಿದ್ದೇನೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ‘ಸಾರ್‌ಗೆ ತೆಲುಗು ಬರಲ್ಲ’ ಅನ್ನುವುದು ಎರಡೂ ಊರಿನಲ್ಲಿ ನನಗೆ ಸಿಕ್ಕಿರುವ ದೊಡ್ಡ ರಿಯಾಯಿತಿ. ಏನೇ ಎಡವಟ್ಟಾದರೂ ಭಾಷೆಯ ತಲೆಗೆ ಕಟ್ಟಿಬಿಡಬಹುದು. ನಾನು ಕಟ್ಟಿಯೂ ಇದ್ದೇನೆ.

ಮೂರು ತಿಂಗಳ ಹಿಂದೆ ಮೇಧಾ ಫೋನು ಮಾಡಿದಳು. ಉಸಿರು ಬಿಡದೆ ಮಾತು.

‘ಅಪ್ಪಾ, ಸಿನಿಮಾ ಅವಾರ್ಡ್ ಫಂಕ್ಷನ್ನು ಈ ಸಲ ವಿಜಯವಾಡದಲ್ಲಿ! ಸ್ಟೇಜ್ ಮೇಲೆ ಟ್ರೋಫಿ ಟ್ರೇ ತಗೊಂಡು ಬರೋಕೆ ಹುಡುಗೀರು ಬೇಕು ಅಂತ ನಮ್ಮ ಕಾಲೇಜಿಗೆ ಬಂದಿದ್ರು. ಅಷ್ಟು ಜನದಲ್ಲಿ ಎಂಟೇ ಜನಾನ ಆರಿಸಿದ್ದು. ನಾನೂ ಒಬ್ಳು!’

ಮೇಧಾ ಎತ್ತರದ ಹುಡುಗಿ. ಹೈಸ್ಕೂಲಿನಲ್ಲಿ ಎಲ್ಲ ಫೋಟೋದಲ್ಲೂ ಹಿಂದಿನ ಸಾಲು, ನೆಂಟರ ಮನೆಯಲ್ಲಿ ‘ತೆಂಗಿನ ಮರ’ ಅನ್ನುವ ಅಡ್ಡಹೆಸರು. ಬೆನ್ನು ಬಗ್ಗಿಸಿ ನಡೆಯುವುದನ್ನೇ ಅಭ್ಯಾಸ ಮಾಡಿಕೊಂಡಿದ್ದಳು. ಜೀವನದಲ್ಲಿ ಮೊದಲ ಸಲ ಆ ಎತ್ತರಕ್ಕಾಗಿ ಅವಳನ್ನು ಯಾರೋ ಆರಿಸಿದ್ದರು. ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಆವತ್ತು ನಾನು ಅಂದದ್ದು ಇಷ್ಟು: ‘ಓ, ಟ್ರೇ ಹಿಡಿಯೋದಾ?’

ಆ ‘ಓ’ ಸ್ವಲ್ಪ ಸೊರಗಿಯೇ ಬಂದಿರಬೇಕು. ಆಮೇಲೆ ಅವಳೇ, ಎರಡು ಲೀಟರಿನ ನೀರಿನ ಬಾಟಲಿಯನ್ನು ಟ್ರೇ ಮೇಲೆ ನಿಲ್ಲಿಸಿಕೊಂಡು ಹೈಹೀಲ್ಸ್‌ನಲ್ಲಿ ಮೆಟ್ಟಿಲು ಹತ್ತಿ ಇಳಿಯುವ ತಾಲೀಮು ನಡೆಯುತ್ತಿದೆ, ಬಾಟಲಿ ಬಿದ್ದರೆ ಮೊದಲಿಂದ ಶುರು, ಮಂಗಳಗಿರಿ ಸೀರೆ ಉಡಿಸುತ್ತಾರೆ, ಕಾರ್ಯಕ್ರಮ ಮುಗಿದ ಮೇಲೆ ವಾಪಸು ಕೊಡಬೇಕು ಎಂದೆಲ್ಲ ಹೇಳಿದಳು. ನಾನು ಹ್ಞೂಂ ಹ್ಞೂಂ ಎಂದೆ.

ಮರುದಿನ ಬ್ರಾಂಚಿನಲ್ಲಿ ಊಟದ ಹೊತ್ತು. ಬ್ಯಾಂಕಿನ ಊಟದ ಮೇಜು ನಿಮಗೆ ಗೊತ್ತಿಲ್ಲದೆ ಇರಬಹುದು. ಅಲ್ಲಿ ಡಬ್ಬಿಗಿಂತ ಮೊದಲು ಮಕ್ಕಳನ್ನು ತೆರೆಯುತ್ತಾರೆ. ನಮ್ಮ ಹೆಡ್ ಕ್ಯಾಶಿಯರ್ ರತ್ನಕುಮಾರಿ ಗಾರು ಒಳ್ಳೆಯ ಹೆಂಗಸು, ನಮ್ಮ ಮೇಲಿನ ಮಹಡಿಯಲ್ಲೇ ಮನೆ. ಅವರ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿ ಆಗಲೇ ಆರು ತಿಂಗಳಾಗಿತ್ತು, ದಿನಾ ಅದು ಹೊಸದಾಗಿ ಸಿಗುತ್ತಿತ್ತು. ಇನ್ನೊಬ್ಬರ ಮಗಳು ಯಾವುದೋ ರ್‍ಯಾಂಕು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಿಗಿಟ್ಟ ತುತ್ತು ನುಂಗಿ, ನನ್ನ ತೆಲುಗಿನಲ್ಲಿ, ‘ಸಿನಿಮಾ ಅವಾರ್ಡ್ ಫಂಕ್ಷನ್‌ಲೋ ಮಾ ಅಮ್ಮಾಯಿ ಅವಾರ್ಡು ತೀಸುಕೊಸ್ತುಂದಿ’ ಎಂದೆ. ನಮ್ಮ ಹುಡುಗಿ ಅವಾರ್ಡು ತಗೊಂಡು ಬರ್ತಾಳೆ.

ನೀವೇ ಹೇಳಿ, ಇದರಲ್ಲಿ ಸುಳ್ಳು ಎಲ್ಲಿದೆ? ಟ್ರೇಯಲ್ಲಿ ಇಟ್ಟುಕೊಂಡು ತಗೊಂಡು ಬರುವವಳು ಅವಳೇ ತಾನೇ? ಆದರೆ ಮೇಜಿನ ಸುತ್ತ ಚಪ್ಪಾಳೆ ಬಿತ್ತು. ರತ್ನಕುಮಾರಿ ಗಾರು ಕೈ ತೊಳೆದುಕೊಂಡು ಬಂದು ನನ್ನ ಕೈ ಕುಲುಕಿದರು. ‘ಶಾರ್ಟ್ ಫಿಲ್ಮಾ?’ ಎಂದು ಕೇಳಿದರು. ನಾನು ತಲೆಯನ್ನು ಹೌದೂ ಅಲ್ಲ, ಇಲ್ಲವೂ ಅಲ್ಲ ಅನ್ನುವ ಹಾಗೆ ಆಡಿಸಿದೆ. ಒಂದು ಟೀ ಕುಡಿಯುವಷ್ಟು ಹೊತ್ತು ಅವಕಾಶವಿತ್ತು. ‘ಅಲ್ಲ ಮೇಡಂ, ಟ್ರೇ ಹಿಡೀತಾಳೆ’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಟೀ ಕುಡಿದೆ. ಆವತ್ತಿನ ಟೀ ಬಹಳ ಚೆನ್ನಾಗಿತ್ತು.

ಅದೇ ಅಮಲಿನಲ್ಲಿ ಸಂಜೆ ತಿಪಟೂರಿಗೆ, ನನ್ನ ಅಕ್ಕನಿಗೆ ಫೋನು ಮಾಡಿ ಅದೇ ವಾಕ್ಯವನ್ನು ಒಪ್ಪಿಸಿದೆ. ‘ಏನೋ ಮಂಜು, ನಿಜವಾಗ್ಲೂ ಅವಾರ್ಡಾ?’ ಎಂದಳು ಅಕ್ಕ. ‘ಹ್ಞೂಂ ಕಣಕ್ಕ, ಸ್ಟೇಜ್ ಮೇಲೆ ಅವಾರ್ಡು ತಗೊಂಡು ಬರ್ತಾಳೆ.’ ಅಕ್ಕ ಸಂತೋಷಕ್ಕೆ ಅತ್ತೇಬಿಟ್ಟಳು.

ಸಮಾರಂಭ ಮುಗಿದು ಎರಡು ವಾರದ ಮೇಲೆ, ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬಂತು. ಅದಕ್ಕೆಂದೇ ಮೇಧಾ ಬೆಳಗಿನ ರೈಲಿಗೆ ಬಂದಿಳಿದಳು. ಹೈಹೀಲ್ಸ್ ಕಚ್ಚಿದ ಎರಡೂ ಹಿಮ್ಮಡಿಗೆ ಇನ್ನೂ ಪ್ಲಾಸ್ಟರ್. ‘ಒಂದೇ ಒಂದು ಸಲಾನೂ ಅಲ್ಲಾಡ್ಲಿಲ್ಲ ಅಪ್ಪಾ. ಕೊನೇಲಿ ಹೀರೋ ಅವಾರ್ಡಿಗೆ ನನ್ನನ್ನೇ ಕಳಿಸಿದ್ರು’ ಎಂದು ಬಾಗಿಲಲ್ಲೇ ಹೇಳಿದಳು. ಇವಳಿಗೆ ವಿಷಯ ಹೇಳಿಬಿಡೋಣ ಎಂದು ಬೆಳಗಿಂದ ಮೂರು ಸಲ ಅವಳ ಕೋಣೆಯ ಬಾಗಿಲವರೆಗೆ ಹೋಗಿ, ಮೂರು ಸಲವೂ ‘ಕಾಫಿ ಬೇಕಾ?’ ಎಂದು ಕೇಳಿ ವಾಪಸು ಬಂದೆ. ಮೂರನೆಯ ಸಲ ಶೈಲಜಾ, ‘ಅವಳಿಗೇನು ಕಾಫೀಲಿ ಸ್ನಾನ ಮಾಡಿಸ್ತೀರಾ?’ ಎಂದಳು.

ಹನ್ನೆರಡಕ್ಕೆ ಕರೆಗಂಟೆ. ರತ್ನಕುಮಾರಿ ಗಾರು! ಕೈಯಲ್ಲಿ ಸಿಹಿ ಕಾಜಾ ಪೊಟ್ಟಣ, ಮುಖದ ತುಂಬ ನಗು. ಒಟ್ಟಿಗೇ ಕೂತು ನೋಡೋಣ ಅಂತ ಬಂದೆ ಎಂದರು. ನಾನು ಬಾಗಿಲಿಗೆ ಅಡ್ಡ ನಿಂತು, ಕರೆಂಟು ಹೋಗಬಹುದು ಎಂದೆ. ಅವರು ನನ್ನ ಕಂಕುಳಡಿಯಲ್ಲೇ ನುಸುಳಿ ಒಳಗೆ ಹೋಗಿ ಮೇಧಾಳ ಗಲ್ಲ ಹಿಡಿದರು. ‘ಕಂಗ್ರಾಟ್ಸ್ ಅಮ್ಮಾ! ಮೀ ನಾನ್ನಗಾರು ಚೆಪ್ಪಾರು. ಏ ಅವಾರ್ಡು?’ ನಿಮ್ಮಪ್ಪ ಹೇಳಿದ್ರು, ಯಾವ ಅವಾರ್ಡಮ್ಮ?

ಮೇಧಾ ನನ್ನ ಕಡೆ ನೋಡಿದಳು. ಅರ್ಧ ಗಳಿಗೆ, ಅಷ್ಟರಲ್ಲಿ ಅವಳಿಗೆ ಎಲ್ಲ ತಿಳಿದುಹೋಯಿತು. ನನ್ನ ಮುಖ ಹಾಗಿದ್ದಿರಬೇಕು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನಾನು. ಅವಳು ತಿರುಗಿ, ನಗುತ್ತಲೇ, ‘ಟೀವೀಲೋ ಚೂಡಂಡಿ ಆಂಟೀ’ ಎಂದಳು. ಟೀವಿಯಲ್ಲೇ ನೋಡಿ.

ಬಿಟ್ಟುಕೊಡಲಿಲ್ಲ, ಬೈಯಲೂ ಇಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತು ಕಾಜಾ ತಿನ್ನತೊಡಗಿದಳು. ನನ್ನ ಮುಂದೆ ನಾಲ್ಕು ಗಂಟೆಯ ಕಾರ್ಯಕ್ರಮವಿತ್ತು.

ಇಂಥ ಕಾರ್ಯಕ್ರಮಗಳನ್ನು ನಾನು ಮೊದಲು ಚೆನ್ನಾಗಿಯೇ ಸವಿಯುತ್ತಿದ್ದೆ. ನಿರೂಪಕರು ಇಬ್ಬರು, ಒಬ್ಬ ಹಾಸ್ಯ ಹೇಳುವ ಮೊದಲೇ ಇನ್ನೊಬ್ಬ ನಗುತ್ತಾನೆ. ಕ್ಯಾಮೆರಾ ಪ್ರೇಕ್ಷಕರ ಕಡೆ ತಿರುಗಿದಾಗಲೆಲ್ಲ ಅದೇ ಕಪ್ಪು ಕನ್ನಡಕದ ನಟ, ಅದೇ ಚಪ್ಪಾಳೆ. ಆ ಚಪ್ಪಾಳೆಯನ್ನು ಒಂದೇ ಸಲ ಚಿತ್ರೀಕರಿಸಿಕೊಂಡು ಬೇಕಾದಲ್ಲೆಲ್ಲ ಉದುರಿಸುತ್ತಾರೆಂದು ನನಗೆ ಖಾತ್ರಿ. ಈ ಸಲ ಕಾಲವಾದ ಕಲಾವಿದರ ಭಾವಚಿತ್ರ ತೋರಿಸುವಾಗಲೂ ಆ ಪುಣ್ಯಾತ್ಮ ಚಪ್ಪಾಳೆ ತಟ್ಟಿ ಹಲ್ಲು ಬಿಟ್ಟ. ‘ಅಯ್ಯೋ ಪಾಪಿ’ ಎಂದಳು ಶೈಲಜಾ.

ಪ್ರಶಸ್ತಿ ಪಡೆದವರ ಮಾತೋ, ದೇವರೇ ಗತಿ. ‘ನನಗೆ ಮಾತೇ ಬರ್ತಿಲ್ಲ’ ಎಂದು ಶುರು ಮಾಡಿದವರು ಹತ್ತು ನಿಮಿಷಕ್ಕೆ ಕಡಿಮೆ ಇಳಿಯುವುದಿಲ್ಲ. ‘ಏನೂ ತಯಾರಿ ಮಾಡ್ಕೊಂಡಿಲ್ಲ’ ಅನ್ನುವವರ ಜೇಬಿನಿಂದ ಚೀಟಿ ಹೊರಬರುತ್ತದೆ. ಪ್ರಶಸ್ತಿಗಳಿಗೂ ಲೆಕ್ಕವಿಲ್ಲ. ಅತ್ಯುತ್ತಮ ನಟಿ ಆಯಿತು, ಅತ್ಯಂತ ಮೆಚ್ಚಿನ ನಟಿ ಆಯಿತು, ಭರವಸೆಯ ನಟಿ, ಜನಮನ ಗೆದ್ದ ನಟಿ. ಯಾರಿಗೂ ಬೇಜಾರಾಗಬಾರದೆಂದು ಮದುವೆ ಮನೆಯಲ್ಲಿ ಎಲ್ಲರಿಗೂ ತೆಂಗಿನಕಾಯಿ ಹಂಚಿದ ಹಾಗೆ. ನಡುನಡುವೆ ‘ಒಂದು ಸಣ್ಣ ಬ್ರೇಕ್’. ಆ ಸಣ್ಣ ಬ್ರೇಕಿನಲ್ಲಿ ಶೈಲಜಾ ಈರುಳ್ಳಿ ಹೆಚ್ಚಿ, ಉಪ್ಪಿಟ್ಟು ಮಾಡಿ, ಬಾಣಲೆ ತೊಳೆದಿಟ್ಟು ಬಂದಳು.

ಬೇರೆ ದಿನವಾಗಿದ್ದರೆ ನಾನು ಒಂದೊಂದಕ್ಕೂ ಟೀಕೆ ಮಾಡುತ್ತಾ ಕೂರುತ್ತಿದ್ದೆ. ಆವತ್ತು ಕೂರಲಾಗಲಿಲ್ಲ. ವೇದಿಕೆಯ ಎಡಬದಿಯಿಂದ ಟ್ರೇ ಬಂದಾಗಲೆಲ್ಲ ನಾನು ಕುರ್ಚಿಯ ತುದಿಗೆ ಜರುಗುತ್ತಿದ್ದೆ. ಮೊದಲ ಎರಡು ಗಂಟೆ ಬರೀ ಕೈಗಳು ಬಂದವು. ಕ್ಯಾಮೆರಾದವನಿಗೆ ಟ್ರೋಫಿ ಬೇಕು, ನಟಿಯ ಕಣ್ಣೀರು ಬೇಕು, ಟ್ರೇ ಹಿಡಿದವಳು ಮೊಣಕೈಗೇ ಮುಗಿದುಹೋಗುತ್ತಿದ್ದಳು. ‘ಇದು ನಾನು’ ಎಂದು ಒಂದು ಸಲ ಮೇಧಾ ಕನ್ನಡದಲ್ಲಿ ಮೆಲ್ಲಗೆ ಹೇಳಿದಳು. ಪರದೆಯ ಮೇಲೆ ಹಸಿರು ಸೀರೆಯ ಅಂಚು, ನಾಲ್ಕು ಬೆರಳು. ಶೈಲಜಾ ಎದ್ದು ನಿಂತು ಆ ಬೆರಳಿಗೆ ದೃಷ್ಟಿ ತೆಗೆದಳು. ನಾನು ‘ಮುಖ ತೋರಿಸಬೇಡಪ್ಪಾ’ ಎಂದು ಮನಸ್ಸಿನಲ್ಲೇ ಕ್ಯಾಮೆರಾದವನಿಗೆ ಕೈಮುಗಿದೆ. ಮಗಳು ಟೀವಿಯಲ್ಲಿ ಕಾಣದೆ ಇರಲಿ ಎಂದು ಹರಕೆ ಹೊತ್ತ ತಂದೆ ಈ ಎರಡೂ ರಾಜ್ಯದಲ್ಲಿ ನಾನೊಬ್ಬನೇ ಇರಬೇಕು. ಆ ಯೋಚನೆ ಬಂದದ್ದೇ ಎದ್ದು ಬಾಲ್ಕನಿಗೆ ಹೋದೆ. ಕೆಳಗೆ ಷೇರ್ ಆಟೋದವನು ‘ಕೂರ್ಮನ್ನಪಾಲೆಂ, ಕೂರ್ಮನ್ನಪಾಲೆಂ’ ಎಂದು ಅರಚುತ್ತಿದ್ದ. ಹತ್ತಿ ಕೂತು ಹೋಗಿಬಿಡಲೇ ಅನ್ನಿಸಿತು. ಅಡುಗೆಮನೆಗೆ ಹೋದೆ, ಬಂದೆ, ನೀರು ಕುಡಿದೆ, ಮತ್ತೆ ಬಾಲ್ಕನಿ. ‘ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕ್ರೀ ಓಡಾಡ್ತೀರಾ, ಕೂತ್ಕೊಳ್ರೀ’ ಎಂದು ಶೈಲಜಾ ಗದರಿದಳು.

ನಾನು ಬಾಲ್ಕನಿಯಲ್ಲಿದ್ದಾಗ ಒಳಗೆ ನನ್ನ ಫೋನು ಬಡಿದುಕೊಂಡಿತು. ಓಡಿ ಬರುವಷ್ಟರಲ್ಲಿ ಮೇಧಾ ಎತ್ತಿದ್ದಳು. ಅಕ್ಕನ ಗಂಟಲು ಸ್ಪೀಕರಿನ ಹಂಗಿಲ್ಲದೆ ಕೇಳುತ್ತದೆ.

‘ಏನೇ ಮೇಧಾ, ಎಲ್ಲೇ ನಿನ್ನ ಅವಾರ್ಡು? ಅಕ್ಕಪಕ್ಕದೋರೆಲ್ಲ ಬಂದು ಕೂತವ್ರೆ. ಯಾವಾಗ ಕೊಡ್ತಾರೆ ನಿಂಗೆ?’

ಮೇಧಾ ಈ ಸಲ ನನ್ನ ಕಡೆ ನೋಡಲೂ ಇಲ್ಲ. ‘ನೋಡ್ತಾ ಇರಿ ಅತ್ತೆ’ ಎಂದು ಫೋನನ್ನು ಮೇಜಿನ ಮೇಲೆ ಕವುಚಿ ಇಟ್ಟಳು.

ಅಕ್ಕನಿಗೆ ಯಾಕೆ ಹಾಗೆ ಹೇಳಿದೆನೋ, ಅದು ಮಾತ್ರ ನನ್ನನ್ನು ಇವತ್ತಿಗೂ ಕೊರೆಯುತ್ತದೆ. ತಿಪಟೂರಿನ ನಮ್ಮ ಶಾಲೆಯಲ್ಲಿ ವಾರ್ಷಿಕೋತ್ಸವಕ್ಕೆ ಬಹುಮಾನದ ತಟ್ಟೆ ಹಿಡಿಯುತ್ತಿದ್ದವಳು ಅಕ್ಕನೇ. ಏಳನೇ ಕ್ಲಾಸು, ಎರಡು ಜಡೆ, ಅಮ್ಮನ ಹಿತ್ತಾಳೆ ಹರಿವಾಣ. ಅದರಲ್ಲಿ ಸೋಪಿನ ಡಬ್ಬಿ, ಸ್ಟೀಲು ಲೋಟ, ಕಂಪಾಸು ಪೆಟ್ಟಿಗೆ. ಆ ವರ್ಷ ಜ್ಞಾಪಕಶಕ್ತಿ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ. ಹೆಸರು ಕರೆದಾಗ, ಬಹುಮಾನವಿದೆ ಅನ್ನುವುದೇ ಜ್ಞಾಪಕವಿಲ್ಲದೆ ನಾನು ಶಾಮಿಯಾನದ ಹೊರಗೆ ಕಡಲೆಕಾಯಿ ತಿನ್ನುತ್ತಿದ್ದೆ. ನನ್ನ ಸೋಪಿನ ಡಬ್ಬಿಯನ್ನು ಅಕ್ಕನೇ ಹರಿವಾಣದ ಮೂಲೆಯಲ್ಲಿ ಎತ್ತಿಟ್ಟುಕೊಂಡಳಂತೆ. ಮನೆಗೆ ಬಂದ ಮೇಲೆ ಅಮ್ಮ ನನ್ನ ಡಬ್ಬಿಯನ್ನು ಒಂದು ಸಲ ತಿರುಗಿಸಿ ನೋಡಿ ಗೂಡಿನಲ್ಲಿಟ್ಟು, ಬೀದಿಯವರಿಗೆಲ್ಲ ಹೇಳಿದ್ದು ಬೇರೆಯೇ: ‘ಮಿಕ್ಕ ಮಕ್ಕಳೆಲ್ಲ ಒಂದೊಂದ್ಸಲ ಸ್ಟೇಜ್ ಹತ್ತಿ ಇಳಿದ್ರು. ನನ್ನ ಮಗಳು ಇಳೀಲೇ ಇಲ್ಲ!’ ಅಂಥ ಅಕ್ಕನಿಗೆ ನಿಜ ಹೇಳಿದ್ದರೆ ಮೂರು ದಿನ ಹಿಗ್ಗುತ್ತಿದ್ದಳು. ಅವಳಿಗೂ ಟ್ರೇ ಮುಚ್ಚಿಟ್ಟೆನಲ್ಲ, ನನ್ನಂಥ ಪೆದ್ದ ಇನ್ನೊಬ್ಬನಿದ್ದಾನೆಯೇ?

ಮೂರೂ ಮುಕ್ಕಾಲಿಗೆ ಕೊನೆಯ ಪ್ರಶಸ್ತಿ ಬಂತು, ಅತ್ಯುತ್ತಮ ನಾಯಕ ನಟ. ಹೆಸರು ಕೂಗಿದರು. ಸಂಗೀತ ಮೊಳಗಿತು. ನಾಯಕ ಎದ್ದ. ಎದ್ದವನು ನೆಟ್ಟಗೆ ಬರಬೇಕೋ ಬೇಡವೋ? ಮೊದಲ ಸಾಲಿನಲ್ಲಿ ಒಬ್ಬರನ್ನು ತಬ್ಬಿಕೊಂಡ, ಇನ್ನೊಬ್ಬರ ಕಾಲಿಗೆ ಬಿದ್ದ, ಮೂರನೆಯವರ ಮಗುವನ್ನು ಎತ್ತಿಕೊಂಡ. ಸಂಗೀತ ಮುಗಿದುಹೋಯಿತು, ಮತ್ತೆ ಮೊದಲಿಂದ ಹಚ್ಚಿದರು. ನಿರೂಪಕರ ಹತ್ತಿರ ಮಾತೂ ಖಾಲಿಯಾಯಿತು. ಕ್ಯಾಮೆರಾದವನು ಬೇರೆ ದಾರಿ ಕಾಣದೆ ಕ್ಯಾಮೆರಾವನ್ನು ವೇದಿಕೆಯ ಕಡೆಗೆ ತಿರುಗಿಸಿದ, ಮುಂದಕ್ಕೆ ತಂದ, ನಿಲ್ಲಿಸಿದ.

ಪರದೆಯ ತುಂಬ ಮೇಧಾ.

ನವಿಲು ಹಸಿರಿನ ಮಂಗಳಗಿರಿ ಸೀರೆ. ಎರಡೂ ಕೈಯಲ್ಲಿ ಟ್ರೇ, ಅದರ ಮೇಲೆ ಮೊಳದುದ್ದದ ಟ್ರೋಫಿ. ಬೆನ್ನು ನೆಟ್ಟಗಿತ್ತು. ನಮ್ಮ ಮೇಧಾಳ ಬೆನ್ನು ಅಷ್ಟು ನೆಟ್ಟಗಿದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಸುತ್ತ ಕೂಗಾಟ, ಕಣ್ಣು ಕುಕ್ಕುವ ದೀಪ, ಎದುರಿಗೆ ಸಾವಿರಾರು ಜನ. ಅವಳು ಎಲ್ಲಿಯೂ ನೋಡದೆ, ಯಾರಿಗೂ ಅಂಜದೆ, ತುಟಿಯಂಚಿನಲ್ಲಿ ಚೂರೇ ಚೂರು ನಗು ಇಟ್ಟುಕೊಂಡು ನಿಂತಿದ್ದಳು. ಟ್ರೋಫಿಯ ನೆರಳು ಕೂಡ ಅಲ್ಲಾಡಲಿಲ್ಲ. ಅರ್ಧ ನಿಮಿಷ ಇದ್ದಿರಬಹುದು. ನಾನು ಸುಳ್ಳು ಹೇಳಿದ್ದನ್ನೂ ಮರೆತೆ, ಹರಕೆಯನ್ನೂ ಮರೆತೆ. ಎದೆ ತುಂಬಿ ಬಂತು, ಕಣ್ಣೂ ತುಂಬಿತು. ಇಷ್ಟು ಚೆನ್ನಾಗಿ ನಿಲ್ಲುತ್ತಾಳೆಯೇ ನನ್ನ ಮಗಳು!

‘ಅದಿಗೋ ಮನ ಮೇಧಾ!’, ಅಗೋ ನಮ್ಮ ಮೇಧಾ ಎಂದು ರತ್ನಕುಮಾರಿ ಗಾರು ಕುಣಿದರು. ಆಮೇಲೆ ಕುಣಿತ ನಿಂತಿತು. ನಾಯಕ ಬಂದು, ಟ್ರೇ ಹಿಡಿದವಳ ಮುಖವನ್ನೂ ನೋಡದೆ ಟ್ರೋಫಿ ತಗೊಂಡು, ತನ್ನ ಚಾಲಕನಿಂದ ಹಿಡಿದು ನಾಯಿಯವರೆಗೆ ಎಲ್ಲರಿಗೂ ವಂದಿಸತೊಡಗಿದ್ದ. ‘ಅದೇಂಟಿ, ಟ್ರೇ ಪಟ್ಟುಕುನಿ ನಿಲಬಡಿಂದಿ?’ ಎಂದು ಅವರು ನನ್ನನ್ನೇ ಕೇಳಿದರು. ಅದೇನು, ಟ್ರೇ ಹಿಡಿದು ನಿಂತಿದ್ದಾಳೆ?

ಮೇಧಾ ಕಾಜಾ ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಾರ್ಡು ನಮ್ಮ ಹುಡುಗೀದಲ್ಲ ಎಂದು ಹೇಳಲು ನಾನು ಇದ್ದಬದ್ದ ತೆಲುಗನ್ನೆಲ್ಲ ಗುಡ್ಡೆ ಹಾಕಿ, ‘ಅವಾರ್ಡು ಮಾ ಅಮ್ಮಾಯಿದಿ ಕಾದಂಡಿ. ಮಾ ಅಮ್ಮಾಯಿ ಮೋಸಿಂದಿ’ ಎಂದೆ.

ಅಡುಗೆಮನೆಯಿಂದ ಬರುತ್ತಿದ್ದ ಶೈಲಜಾಳ ಕೈಯಿಂದ ಲೋಟ ಬಿತ್ತು. ‘ಏನ್ರೀ ಇದು! ಹೆತ್ತ ಮಗಳು ಮೋಸ ಮಾಡಿದ್ಲು ಅಂತ ಪರರ ಮುಂದೆ ಹೇಳ್ತೀರಲ್ಲ!’

‘ಮೋಸ ಅಲ್ಲಮ್ಮಾ’ ಎಂದಳು ಮೇಧಾ. ‘ಮೋಸಿಂದಿ ಅಂದ್ರೆ ತೆಲುಗಲ್ಲಿ ಹೊತ್ತಳು ಅಂತ. ನಾನು ಹೊತ್ತೆ. ಮೋಸ ಮಾಡಿದೋರು ಬೇರೆ.’

ಇದೆಲ್ಲ ಕನ್ನಡದಲ್ಲಿ ನಡೆದದ್ದರಿಂದ ರತ್ನಕುಮಾರಿ ಗಾರಿಗೆ ತಿಳಿಯಲಿಲ್ಲ. ಅವರು ಒಂದು ಕ್ಷಣ ಯೋಚಿಸಿ, ಹಣೆ ಚಚ್ಚಿಕೊಂಡು ಜೋರಾಗಿ ನಕ್ಕರು. ‘ತೀಸುಕೊಸ್ತುಂದಿ ಅಂಟೇ ಇದಾ! ಅಯ್ಯೋ, ಮೀ ತೆಲುಗು ಕದಂಡಿ, ನೇನೇ ತಪ್ಪುಗಾ ಅರ್ಥಂ ಚೇಸುಕುನ್ನಾನು.’ ತಗೊಂಡು ಬರ್ತಾಳೆ ಅಂದ್ರೆ ಇದಾ, ನಿಮ್ಮ ತೆಲುಗಲ್ವಾ, ನಾನೇ ತಪ್ಪು ತಿಳ್ಕೊಂಡೆ. ಎಷ್ಟು ಒಳ್ಳೆಯ ಹೆಂಗಸು ನೋಡಿ. ನಾನು ನುಣುಚಿಕೊಳ್ಳುವ ಬಾಗಿಲನ್ನು ತಾವೇ ತೆರೆದು ಹಿಡಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಸ್ಸು ಎಂದು ನಾನೂ ಹೆ ಹೆ ಎಂದು ನಕ್ಕು, ‘ಅವುನು ಮೇಡಂ, ನಾ ತೆಲುಗು’ ಎಂದುಬಿಟ್ಟೆ. ಹೌದು ಮೇಡಂ, ನನ್ನ ತೆಲುಗು. ಅವರು ಮೇಧಾಳನ್ನು ಅಪ್ಪಿಕೊಂಡು, ರಾಣಿಯ ಹಾಗೆ ಕಂಡೆ ಎಂದು ಹೊಗಳಿ, ಉಪ್ಪಿಟ್ಟು ತಿಂದು ಹೋದರು.

ಬಾಗಿಲು ಹಾಕಿಕೊಂಡು ತಿರುಗಿದರೆ ಮೇಧಾ ಅಲ್ಲೇ ನಿಂತಿದ್ದಳು.

‘ಟ್ರೇ ಹಿಡೀತಾಳೆ ಅಂತ ಹೇಳೋಕೆ ನಾಚಿಕೆ ಆಯ್ತಾ ಅಪ್ಪಾ?’

‘ಛೆ ಛೆ, ಹಾಗಲ್ಲ ಪುಟ್ಟಿ. ನಿಂಗೇ ಗೊತ್ತಲ್ಲ, ನನ್ನ ತೆಲುಗು...’

‘ಅತ್ತೆಗೆ ಕನ್ನಡದಲ್ಲೇ ಹೇಳಿದ್ರಲ್ಲ.’

ಆರು ವರ್ಷದಿಂದ ನನ್ನನ್ನು ಕಾಪಾಡಿಕೊಂಡು ಬಂದಿದ್ದ ರಿಯಾಯಿತಿ ಅಲ್ಲಿಗೆ ಮುಗಿಯಿತು. ಏನು ಹೇಳಲಿ? ಹೌದು, ನಾಚಿಕೆಯಾಗಿತ್ತು. ಬೇರೆಯವರ ಮಕ್ಕಳ ಮುಂದೆ ನನ್ನ ಮಗಳು ಕಡಿಮೆ ಕಂಡಾಳು ಎಂದು ನಾನೇ ಅವಳನ್ನು ಕಡಿಮೆ ಮಾಡಿದ್ದೆ. ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಲು ನನಗೊಂದು ಕೆಲಸವಾದರೂ ಸಿಗುತ್ತಿತ್ತು. ಒಳಗೆ ಹೋಗಿ ಬ್ಯಾಗಿಗೆ ಬಟ್ಟೆ ತುಂಬಿದಳು.

ಸಂಜೆ ಅವಳನ್ನು ದುವ್ವಾಡ ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಪ್ಲಾಟ್‌ಫಾರಮ್ಮಿನಲ್ಲಿ ಬೆಂಚು ಖಾಲಿಯಿದ್ದರೂ ನಾನು ಕೂರದೆ, ಅವಳ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದೆ. ನೋಡಿ ನೋಡಿ ಅವಳಿಗೇ ಸಾಕಾಯಿತು.

‘ನಾಳೆ ಬ್ರಾಂಚಲ್ಲಿ ಊಟಕ್ಕೆ ಕೂತಾಗ ಏನು ಹೇಳ್ತೀರಾ?’

‘ಟ್ರೇ ಹಿಡಿದಿದ್ದು ನೀನು, ಅವ್ರು ತಪ್ಪು ತಿಳ್ಕೊಂಡ್ರು ಅಂತ.’

‘ಅಲ್ಲ. ಮೊದಲು ‘ನೇನು ಅಬದ್ಧಂ ಚೆಪ್ಪಾನು’ ಅನ್ನಿ.’ ನಾನು ಸುಳ್ಳು ಹೇಳಿದೆ.

ಹೇಳಿದೆ. ‘ಇನ್ನೊಂದ್ಸಲ’ ಎಂದಳು. ಇನ್ನೊಂದು ಸಲ ಹೇಳಿದೆ. ಪಕ್ಕದಲ್ಲಿ ಮೂಟೆಯ ಮೇಲೆ ಕೂತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೇಳುವುದು ನಾನೆಣಿಸಿದಷ್ಟು ಕಷ್ಟವಾಗಲಿಲ್ಲ. ಪರಭಾಷೆಯಲ್ಲಿ ತಪ್ಪು ಒಪ್ಪಿಕೊಂಡರೆ ಬೇರೆ ಯಾರದೋ ತಪ್ಪನ್ನು ಒಪ್ಪಿಕೊಂಡ ಹಾಗಿರುತ್ತದೆ.

‘ಉಚ್ಚಾರಣೆ ಸರಿಯಾಗಿದೆ’ ಎಂದಳು ಮೇಧಾ. ‘ಈಗ ಕನ್ನಡದಲ್ಲಿ.’ ತನ್ನ ಫೋನಿನಲ್ಲಿ ಅತ್ತೆಯ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

ಆ ಕಡೆ ಒಂದೇ ರಿಂಗಿಗೆ ಎತ್ತಿದರು. ‘ಹೇಳೇ ಪುಟ್ಟಿ’ ಎಂದಳು ಅಕ್ಕ.

‘ಅಕ್ಕ, ನಾನು ಮಂಜು’ ಎಂದೆ. ರೈಲು ಬರುತ್ತಿದೆ ಎಂದು ಮೈಕಿನಲ್ಲಿ ಕೂಗಿದರು. ‘ಅಕ್ಕ, ನಿಂಗೆ ಸುಳ್ಳು ಹೇಳಿದ್ದೆ. ಅವಾರ್ಡು ನಮ್ಮ ಹುಡುಗೀದಲ್ಲ. ಅವಳು ಟ್ರೇ ಹಿಡ್ಕೊಂಡಿದ್ಲು, ಅಷ್ಟೇ.’

ಮೇಧಾ ನನ್ನ ತೋಳು ಮುಟ್ಟಿದಳು.

‘ಅಪ್ಪಾ, ‘ಅಷ್ಟೇ’ ಬೇಡ.’

ನಾನು ಮತ್ತೆ ಮೊದಲಿಂದ ಹೇಳಿದೆ.